ಕಾರ್ಯಾಲಯ ಗೊತ್ತುಮಾಡುವ ಮುನ್ನ

ಕೃಷ್ಣಾ ತೀರದ ಈ ಸೀಮೆಯಲ್ಲಿ ಕಬ್ಬಿನ ಹಂಗಾಮು ಮುಗಿಯುತ್ತ ಬಂದಂತೆ ಲಗ್ನದ ಹಂಗಾಮು ಆರಂಭವಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಕಾರ್ಖಾನೆಯಿಂದ ಬರುವ ಕಬ್ಬಿನ ಬಿಲ್ಲಿಗೂ ಮನೆಮಗಳ ಮದುವೆಗೂ ಇರುವ ನಂಟನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಪೂರೈಸಿದ ಹದಿನಾಲ್ಕು ದಿನಗಳೊಳಗೆ ಹಣ ಸಂದಾಯವಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ವಿಧಿಸುತ್ತದೆ. ಆ ಹದಿನಾಲ್ಕು ದಿನಗಳನ್ನು ನಂಬಿ ಮದುವೆಯ ದಿನ ಗೊತ್ತುಮಾಡಿದವರ ಅನುಭವವನ್ನು ಅವರ ಬಾಯಿಂದಲೇ ಕೇಳಬೇಕು.

ಅಂಥ ಒಂದು ಹಂಗಾಮಿನಲ್ಲಿ, ತಪಸ್ಸುಕಾಲದ ಮೂರನೆಯ ವಾರದಲ್ಲಿ, ರಾಯಬಾಗದ ಕಡೆಯ ಒಂದು ಹಳ್ಳಿಯಿಂದ ಗೃಹಸ್ಥರೊಬ್ಬರು ಲಗ್ನಪತ್ರಿಕೆಗಳ ಕಟ್ಟು ಹಿಡಿದು ನನ್ನಲ್ಲಿಗೆ ಬಂದರು. ಎರಡು ಎಕರೆ ಭೂಮಿ, ಇಬ್ಬರು ಹೆಣ್ಣುಮಕ್ಕಳು, ಪುಣೆಯಲ್ಲಿ ನೌಕರಿಯಲ್ಲಿರುವ ಒಬ್ಬ ಮಗ. ಮೊದಲ ಪತ್ರಿಕೆಯನ್ನು ಬಲಿಪೀಠದ ಬಳಿ ಇರಿಸಿ ಪ್ರಾರ್ಥಿಸಬೇಕೆಂಬುದು ಅವರ ಅಪೇಕ್ಷೆ. ಪತ್ರಿಕೆಯ ನಾಲ್ಕು ಮೂಲೆಗಳಿಗೂ ನೆರೆಹೊರೆಯವರ ಪದ್ಧತಿಯಂತೆ ಅರಿಸಿನ ಹಚ್ಚಿದ್ದರು. ಓದುತ್ತ ಹೋದ ನನ್ನ ಕಣ್ಣು ದಿನಾಂಕದ ಬಳಿ ನಿಂತಿತು. ಅದು ಶುಭ ಶುಕ್ರವಾರದ ಮರುದಿನ, ಪವಿತ್ರ ಶನಿವಾರ. ಪ್ರಭು ಯೇಸು ಸಮಾಧಿಯಲ್ಲಿದ್ದ ದಿನವೆಂದು ಧರ್ಮಸಭೆ ಮೌನದಿಂದ ಕಾಯುವ ದಿನ. ಅಂದು ಬಲಿಪೀಠದ ಮೇಲೆ ವಸ್ತ್ರವೂ ಇರುವುದಿಲ್ಲ. ಶುಭ ಶುಕ್ರವಾರ ಮತ್ತು ಪವಿತ್ರ ಶನಿವಾರಗಳಂದು ವಿವಾಹವನ್ನು ಸಂಪೂರ್ಣವಾಗಿ ವರ್ಜಿಸಬೇಕೆಂಬುದು ಪೂಜಾವಿಧಿಯ ಸ್ಪಷ್ಟ ನಿಯಮ.

“ಪುಣೆಯಾಗಿರೋ ಮಗಂಗ ಶುಕ್ರವಾರ ಸೂಟಿ ಐತ್ರಿ ಫಾದರ್, ರವಿವಾರನೂ ಸೂಟಿ. ನಡುವಿನ ದಿನಾ ಹಿಡದ್ರ ಎಲ್ಲಾರೂ ಬರತಾರಂತ ಮಾಡಿದ್ವಿ” ಎಂದರು. ಸ್ವಲ್ಪ ಹೊತ್ತಿನ ಮೇಲೆ ತಗ್ಗಿದ ದನಿಯಲ್ಲಿ, “ಕಾರ್ಯಾಲಯಕ್ಕ ಹದಿನೈದು ಸಾವಿರ ಸಂಚಕಾರ ಕೊಟ್ಟೀವ್ರಿ” ಎಂದರು.

ತಪ್ಪು ಅವರದೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಎರಡು ತಿಂಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಇದೇ ಮನುಷ್ಯ ಬಾಗಿಲ ಬಳಿ ನನ್ನನ್ನು ತಡೆದು, ಮಗಳ ಮದುವೆ ನಿಶ್ಚಯವಾಗಿದೆ, ಏಪ್ರಿಲ್‌ನಲ್ಲಿ ಮಾಡುತ್ತೇವೆ ಎಂದಿದ್ದರು. ನಾನು ಸಂತೋಷವೆಂದು ಹೇಳಿ, ಇನ್ನೊಂದು ಹಳ್ಳಿಯ ಪೂಜೆಗೆ ಹೊತ್ತಾಯಿತೆಂದು ಮೋಟಾರು ಸೈಕಲ್ ಹತ್ತಿದ್ದೆ. ಏಪ್ರಿಲ್‌ನ ಯಾವ ದಿನವೆಂದು ಕೇಳಲು ಅರ್ಧ ನಿಮಿಷ ಸಾಕಿತ್ತು.

ನಮ್ಮ ಜನ ಮದುವೆಯ ಸಿದ್ಧತೆಯನ್ನು ಎಲ್ಲಿಂದ ಆರಂಭಿಸುತ್ತಾರೆಂಬುದನ್ನು ಅಂದಿನಿಂದ ನಾನು ಗಮನವಿಟ್ಟು ನೋಡುತ್ತ ಬಂದಿದ್ದೇನೆ. ಬಹುತೇಕ ಎಲ್ಲರೂ ಮಂಗಲ ಕಾರ್ಯಾಲಯದಿಂದ ಆರಂಭಿಸುತ್ತಾರೆ. ಕಾರ್ಯಾಲಯ ಸಿಕ್ಕ ದಿನವೇ ಮದುವೆಯ ದಿನ. ಆಮೇಲೆ ಅಡುಗೆಯ ಆಚಾರಿ, ಹಂದರದವರು, ವಾದ್ಯದವರು, ಫೋಟೋದವರು. ಕಡೆಗೆ ಫಾದರ್. ಇದರಲ್ಲಿ ಅನಾದರವೇನೂ ಇಲ್ಲ. ಚರ್ಚು ನಮ್ಮದೇ, ಫಾದರ್ ನಮ್ಮವರೇ, ಅವರು ಎಲ್ಲಿಗೆ ಹೋಗುತ್ತಾರೆ ಎಂಬ ಸಲುಗೆಯೇ ಇದರ ಮೂಲ. ಆದರೂ ಈ ಕ್ರಮ ತಲೆಕೆಳಗಾದುದು, ಮತ್ತು ಅದರ ದಂಡವನ್ನು ತೆರುವವರು ಬಡವರು.

ಮದುವೆ ಎಲ್ಲಿ ನಡೆಯಬೇಕೆಂಬ ಪ್ರಶ್ನೆ ಧರ್ಮಸಭೆಗೆ ಅಲಂಕಾರದ ಪ್ರಶ್ನೆಯಾಗಿ ಎಂದೂ ತೋರಿಲ್ಲ. ಹದಿನಾರನೆಯ ಶತಮಾನದವರೆಗೆ ಯೂರೋಪಿನಲ್ಲಿ ಗಂಡುಹೆಣ್ಣು ಗುಟ್ಟಾಗಿ ಪರಸ್ಪರ ಒಪ್ಪಿಗೆ ಕೊಟ್ಟುಕೊಂಡರೂ ಅದು ಮದುವೆಯೆಂದೇ ಮಾನ್ಯವಾಗುತ್ತಿತ್ತು. ಆಮೇಲೆ ಗಂಡನು ಇಲ್ಲವೆಂದರೆ ಹೆಣ್ಣಿಗೆ ಸಾಕ್ಷಿಯಿರಲಿಲ್ಲ. ಈ ಅನ್ಯಾಯವನ್ನು ತಡೆಯಲೆಂದೇ ಟ್ರೆಂಟ್ ಮಹಾಸಭೆಯು 1563ರಲ್ಲಿ, ಧರ್ಮಕೇಂದ್ರದ ಗುರು ಹಾಗೂ ಕನಿಷ್ಠ ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿಯೇ ಮದುವೆ ನಡೆಯಬೇಕೆಂದು ವಿಧಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯು ಅದನ್ನೇ ಮುಂದುವರಿಸಿದೆ. ಇಬ್ಬರು ಕೆಥೋಲಿಕರ ಮದುವೆ ವಧುವಿನ ಅಥವಾ ವರನ ಧರ್ಮಕೇಂದ್ರದ ದೇವಾಲಯದಲ್ಲಿ ಜರುಗಬೇಕು. ಬೇರೆ ದೇವಾಲಯ ಬೇಕಾದರೆ ಧರ್ಮಾಧ್ಯಕ್ಷರ ಇಲ್ಲವೆ ಧರ್ಮಕೇಂದ್ರದ ಗುರುಗಳ ಅನುಮತಿ ಬೇಕು. ದೇವಾಲಯದ ಹೊರಗಿನ ಸ್ಥಳವಾದರೆ ಧರ್ಮಾಧ್ಯಕ್ಷರೇ ಅನುಮತಿಸಬೇಕು. ಒಬ್ಬರು ದೀಕ್ಷಾಸ್ನಾನ ಪಡೆಯದ ಅನ್ಯಧರ್ಮೀಯರಾಗಿದ್ದಲ್ಲಿ, ಅಗತ್ಯ ಅನುಮತಿಗಳ ತರುವಾಯ, ಮದುವೆಯನ್ನು ದೇವಾಲಯದಲ್ಲಾಗಲಿ ಬೇರೊಂದು ಯೋಗ್ಯ ಸ್ಥಳದಲ್ಲಾಗಲಿ ನಡೆಸಬಹುದು. ಊರಿಗೊಂದೆರಡು ಮನೆಗಳಾಗಿ ಚದುರಿರುವ ನಮ್ಮಲ್ಲಿ ಇಂಥ ಮದುವೆಗಳು ಅಪರೂಪವಲ್ಲವಾದುದರಿಂದ ಈ ಸಂಗತಿ ತಿಳಿದಿರುವುದು ಒಳಿತು.

ಈ ಎಲ್ಲದರ ತಿರುಳು ಇಷ್ಟೇ. ಮದುವೆಯೆಂಬ ಸಂಸ್ಕಾರವನ್ನು ನಡೆಸುವವರು ಗುರುಗಳಲ್ಲ, ವಧೂವರರೇ. ಗುರುಗಳು ಧರ್ಮಸಭೆಯ ಪರವಾಗಿ ಒಪ್ಪಿಗೆಯನ್ನು ಕೇಳಿ ಸ್ವೀಕರಿಸುವವರು. ನೆರೆದ ಜನ ಸಾಕ್ಷಿಗಳು. ಹೀಗಾಗಿ ಮದುವೆಯ ಸ್ಥಳವೆಂದರೆ ಸಾಕ್ಷಿ ನುಡಿಯಬಲ್ಲ ಜನ ಕೂಡುವ ಸ್ಥಳ. ಇದೇ ಕಾರಣದಿಂದ ಭಾಷೆಯ ವಿಚಾರವೂ ಸಣ್ಣದಲ್ಲ. ಚಿಕ್ಕೋಡಿಯ ವರ, ಮಿರಜದ ವಧು, ಕೊಂಕಣಿ ಮಾತಾಡುವ ಅಜ್ಜಿ ಎಂಬುದು ನಮ್ಮ ಮದುವೆಗಳ ನಿತ್ಯದ ಚಿತ್ರ. ವಾಚನ ಕನ್ನಡದಲ್ಲಿ, ಹಾಡು ಮರಾಠಿಯಲ್ಲಿ ಆಗಲಿ. ಆದರೆ ಒಪ್ಪಿಗೆಯ ಮಾತನ್ನು ಅವರವರು ಅರ್ಥ ತಿಳಿದು ಆಡಬಲ್ಲ ಭಾಷೆಯಲ್ಲಿಯೇ ಆಡಬೇಕು. ಬೀಗರ ಮುಂದೆ ದೊಡ್ಡಸ್ತಿಕೆ ತೋರಲೆಂದು ಇಂಗ್ಲಿಷಿನಲ್ಲಿ ಉರುಹೊಡೆಸಿ ಹೇಳಿಸುವುದಕ್ಕೆ ನಾನು ಒಪ್ಪುವುದಿಲ್ಲ.

ದಿನಾಂಕದ ವಿಷಯದಲ್ಲಿ ನಮಗಿರುವ ಒಂದು ಅನುಕೂಲವನ್ನು ನಾವೇ ಅರಿತಿಲ್ಲವೆಂದು ನನಗನ್ನಿಸುತ್ತದೆ. ನಮ್ಮ ಹಿಂದೂ ಬಾಂಧವರು ಪಂಚಾಂಗದ ಮುಹೂರ್ತ ನೋಡುತ್ತಾರೆ. ಒಂದು ಒಳ್ಳೆಯ ಮುಹೂರ್ತದಂದು ನಿಪ್ಪಾಣಿಯಲ್ಲಾಗಲಿ ಅಥಣಿಯಲ್ಲಾಗಲಿ ಒಂದೂ ಕಾರ್ಯಾಲಯ ಖಾಲಿಯಿರುವುದಿಲ್ಲ. ಆಚಾರಿ ಎರಡು ಕಡೆ ಒಪ್ಪಿಕೊಂಡಿರುತ್ತಾನೆ, ವಾದ್ಯದವರು ಒಂದು ಮೆರವಣಿಗೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತಾರೆ. ನಮಗೆ ಮುಹೂರ್ತದ ಬಂಧನವಿಲ್ಲ. ಆದರೂ ನಮ್ಮವರು ಅದೇ ದಿನಕ್ಕೆ ಮುಗಿಬಿದ್ದು ಹೆಚ್ಚಿನ ಬಾಡಿಗೆ ತೆರುತ್ತಾರೆ. ಕ್ರಿಸ್ಮಸ್ ಮುಗಿದು ಸಂಕ್ರಾಂತಿ ಬರುವವರೆಗಿನ ದಿನಗಳನ್ನು ನೋಡಿರಿ. ಧನುರ್ಮಾಸವಾದುದರಿಂದ ಆಗ ಮುಹೂರ್ತಗಳು ವಿರಳ. ನಮಗೋ ಆಗಮನ ಕಾಲ ಮುಗಿದು ಹಬ್ಬದ ಕಾಲ. ಚಳಿಯಿರುವುದರಿಂದ ಅಡುಗೆ ಕೆಡದು. ಹೊರಗಿನ ಊರುಗಳಲ್ಲಿರುವ ಮಕ್ಕಳು ಹಬ್ಬಕ್ಕೆ ಮನೆಗೆ ಬಂದಿರುತ್ತಾರೆ. ಒಂದೇ ಒಂದು ತೊಡಕೆಂದರೆ ಆಗ ಕಬ್ಬಿನ ಹಂಗಾಮು ಭರದಲ್ಲಿರುವುದರಿಂದ ಎರಡೆರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ದಿಬ್ಬಣದ ಗಾಡಿಗಳು ತೆವಳಬೇಕಾದೀತು.

ತಪಸ್ಸುಕಾಲ ಮತ್ತು ಆಗಮನ ಕಾಲಗಳಲ್ಲಿ ಮದುವೆ ನಿಷಿದ್ಧವೆಂದು ಅನೇಕರು ತಿಳಿದಿದ್ದಾರೆ. ಇಂದಿನ ವಿಧಿಯಲ್ಲಿ ನಿಷೇಧವಿಲ್ಲ. ಆ ಕಾಲದ ಗಾಂಭೀರ್ಯಕ್ಕೆ ತಕ್ಕಂತೆ ಆಡಂಬರವಿಲ್ಲದೆ ನಡೆಸಬೇಕೆಂಬ ಸೂಚನೆಯಿದೆ. ಆದರೆ ಆಡಂಬರವಿಲ್ಲದ ಮದುವೆಗೆ ಒಪ್ಪುವ ಬೀಗರು ಎಲ್ಲಿದ್ದಾರೆ? ಆದ್ದರಿಂದ ಆ ಕಾಲವನ್ನು ಬಿಡುವುದೇ ಲೇಸು. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ರಂದು, ಪುನರುತ್ಥಾನ ಹಬ್ಬ ಮಾರ್ಚ್ 28ರಂದು, ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 28ರಂದು ಬರುತ್ತವೆ. ಈ ಮೂರು ದಿನಾಂಕಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡರೆ ನನ್ನಂಥವರಿಗೆ ಮುಜುಗರ ತಪ್ಪೀತು. ಜುಲೈ-ಆಗಸ್ಟ್ ತಿಂಗಳುಗಳಲ್ಲಿ ನದಿತೀರದ ಊರುಗಳಲ್ಲಿ ದಿನ ಹಿಡಿಯುವವರಿಗೆ ಹೇಳುವುದೇನೂ ಇಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಏನು ಮಾಡಿದವೆಂಬುದನ್ನು ಅವರೇ ಕಂಡಿದ್ದಾರೆ.

ಸಮಯದ ಬಗೆಗೂ ಒಂದು ಮಾತು. ಇತ್ತೀಚೆಗೆ ಪಟ್ಟಣದವರನ್ನು ನೋಡಿ ದೀಪ ಹಚ್ಚಿದ ಮೇಲಿನ ಮದುವೆಯ ಆಸೆ ನಮ್ಮಲ್ಲಿಯೂ ಹುಟ್ಟಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯು ಬೆಳಿಗ್ಗೆ ಆರರಿಂದ ಸಂಜೆ ಏಳರ ನಡುವೆ ಮದುವೆ ನಡೆಯಬೇಕೆನ್ನುತ್ತದೆ. ಅದರಾಚೆಗೆ ನಡೆಸಲು ಕೆಥೋಲಿಕ ಗುರುವಿಗೆ ಧರ್ಮಾಧ್ಯಕ್ಷರ ಪರವಾನಗಿ ಬೇಕು. ಹಾಗೆಯೇ ಗೋವೆಯ ಕಡಲತೀರದಲ್ಲಿ ಮದುವೆಯಾಗಬೇಕೆಂದು ಬರುವ ತರುಣರಿಗೆ ನಾನು ಮೊದಲು ಕಾಗದಪತ್ರಗಳ ಯಾದಿ ಕೊಡುತ್ತೇನೆ. ಅಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪರಂಪರೆ ಇನ್ನೂ ಜಾರಿಯಲ್ಲಿದ್ದು, ಸರಕಾರಿ ನೋಂದಣಾಧಿಕಾರಿಯ ಕಚೇರಿಯ ವಿಧಿ ಮುಗಿದ ಮೇಲೆಯೇ ದೇವಾಲಯದ ವಿಧಿ. ಯಾದಿ ಓದಿದ ಮೇಲೆ ಕಡಲಿನ ಆಸೆ ಕೆಲವರಲ್ಲಿ ತಣ್ಣಗಾದುದುಂಟು.

ಊರಿನೊಳಗಿನ ಮದುವೆಗೂ ಕಾಗದಗಳು ಬೇಕು. ಇಬ್ಬರ ದೀಕ್ಷಾಸ್ನಾನದ ಪ್ರಮಾಣಪತ್ರ, ಅದೂ ಇತ್ತೀಚೆಗೆ ಪಡೆದದ್ದು. ವಿವಾಹ ಸಿದ್ಧತೆಯ ಶಿಬಿರ. ಎರಡೂ ಧರ್ಮಕೇಂದ್ರಗಳಲ್ಲಿ ಭಾನುವಾರಗಳಂದು ಮದುವೆಯ ಪ್ರಕಟಣೆ. ವರ ಬೆಳಗಾವಿ ಧರ್ಮಪ್ರಾಂತ್ಯದವನಾಗಿ ವಧು ಗಡಿಯಾಚೆಯವಳಾಗಿದ್ದರೆ ಪತ್ರಗಳು ಎರಡು ರಾಜ್ಯಗಳ ನಡುವೆ ಓಡಾಡಬೇಕು. ಮೂರು ತಿಂಗಳ ಮೊದಲೇ ಗುರುಗಳನ್ನು ಕಾಣಿರಿ ಎಂದು ನಾವು ಹೇಳುವುದು ಈ ಕಾರಣಕ್ಕೆ.

ಇನ್ನು ಕಾರ್ಯಾಲಯ. ಅದನ್ನು ನೋಡಲು ಹೋಗುವವರು ವೇದಿಕೆಯನ್ನೂ ದೀಪಗಳನ್ನೂ ನೋಡಿ ಬರುತ್ತಾರೆ. ನನ್ನ ಅನುಭವದಲ್ಲಿ ನೋಡಬೇಕಾದವು ಬೇರೆ. ದೇವಾಲಯದಿಂದ ಅದು ಎಷ್ಟು ದೂರ? ಊಟದ ಸಭಾಂಗಣ ಮಾಳಿಗೆಯ ಮೇಲಿದ್ದರೆ ಎಪ್ಪತ್ತು ದಾಟಿದ ಅಜ್ಜಂದಿರು ಹತ್ತುವುದು ಹೇಗೆ? ಕರೆಂಟು ಹೋದರೆ ಜನರೇಟರಿನ ಡೀಸೆಲ್ ಯಾರ ಲೆಕ್ಕದಲ್ಲಿ? ಬಾಡಿಗೆಯ ಗಡುವು ಎಷ್ಟು ಗಂಟೆಗೆ ಮುಗಿಯುತ್ತದೆ? ಬೇಸಿಗೆಯಲ್ಲಿ ನೀರು ಬಾವಿಯದೋ ಟ್ಯಾಂಕರಿನದೋ? ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿದೆಯೇ? ಪಾವತಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವ ನಿಯಮಗಳನ್ನು ಹಣ ಕೊಡುವ ಮುಂಚೆಯೇ ಓದಬೇಕು. ಯಾವುದೇ ಕಾರಣಕ್ಕೂ ಸಂಚಕಾರ ಹಿಂದಿರುಗಿಸಲಾಗದು ಎಂಬ ವಾಕ್ಯ ಅಲ್ಲಿರುತ್ತದೆ. ದಿನ ಬದಲಿಸಿದರೆ ಅದೇ ಹಣವನ್ನು ಮುಂದಿನ ದಿನಕ್ಕೆ ಜಮಾ ಮಾಡುವಿರಾ ಎಂದು ಮೊದಲೇ ಕೇಳಿ ಬರೆಸಿಕೊಂಡರೆ ಒಪ್ಪುವವರಿದ್ದಾರೆ. ಆಮೇಲೆ ಕೇಳಿದರೆ ಯಾರೂ ಒಪ್ಪರು. ಕಾಗವಾಡದವರಿಗೆ ಜಿಲ್ಲಾ ಕೇಂದ್ರಕ್ಕಿಂತ ಮಿರಜವೇ ಸಮೀಪವಾದುದರಿಂದ ಅಲ್ಲಿಯ ಕಾರ್ಯಾಲಯಗಳತ್ತ ಮನಸ್ಸು ಹೋಗುವುದು ಸಹಜ. ಹೋಗಲಿ, ಆದರೆ ದೇವಾಲಯ ಒಂದು ಊರಲ್ಲಿ, ಊಟ ಇನ್ನೊಂದು ಊರಲ್ಲಿ ಎಂದಾದರೆ ನಡುವಿನ ದಾರಿಯಲ್ಲಿ ಅರ್ಧ ಜನ ಕರಗಿ ಹೋಗುತ್ತಾರೆ.

ಇದಕ್ಕೆ ಸೇರಿದ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ನಮ್ಮ ಮದುವೆಗೆ ಬರುವವರಲ್ಲಿ ಹೆಚ್ಚಿನವರು ಅನ್ಯಧರ್ಮೀಯ ನೆರೆಹೊರೆಯವರು. ಅವರ ಪದ್ಧತಿಯಲ್ಲಿ ಕಾರ್ಯಾಲಯದಲ್ಲಿಯೇ ಅಕ್ಕಿಕಾಳು ಬೀಳುತ್ತವೆ, ಅಲ್ಲಿಯೇ ಊಟ. ಆದ್ದರಿಂದ ಅವರು ಪತ್ರಿಕೆಯಲ್ಲಿ ಕಾರ್ಯಾಲಯದ ಹೆಸರು ನೋಡಿ ನೇರವಾಗಿ ಅಲ್ಲಿಗೆ ಬಂದು, ಹನ್ನೆರಡರಿಂದ ಎರಡರವರೆಗೆ ವಧೂವರರಿಗಾಗಿ ಕಾದು ಕೂರುತ್ತಾರೆ. ಮದುವೆ ಆಗಲೇ ಬೇರೆಡೆ ಮುಗಿದಿರುತ್ತದೆ. ದೇವಾಲಯದ ಹೊತ್ತನ್ನು ಪತ್ರಿಕೆಯಲ್ಲಿ ದೊಡ್ಡಕ್ಷರದಲ್ಲಿ ಅಚ್ಚುಹಾಕಿಸಿ, ತಾವೂ ದೇವಾಲಯಕ್ಕೇ ಬರಬೇಕೆಂದು ಬಾಯಿಬಿಟ್ಟು ಕರೆದರೆ ಅವರು ಸಂತೋಷದಿಂದ ಬರುತ್ತಾರೆ. ಕರೆದ ಮನೆಗಳಲ್ಲಿ ಬಂದದ್ದನ್ನು ನೋಡಿದ್ದೇನೆ. ವರನ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಜೈನ ಹಿರಿಯರೊಬ್ಬರು ಮೊದಲ ಸಾಲಿನಲ್ಲಿ ಕೈಮುಗಿದು ಕುಳಿತು, ಒಪ್ಪಿಗೆಯ ಮಾತು ಕೇಳುವಾಗ ಕಣ್ಣೊರೆಸಿಕೊಂಡರು.

ಜೈನರ ಮಾತು ಬಂದುದರಿಂದ ಊಟದ ವಿಷಯಕ್ಕೆ ಬರುತ್ತೇನೆ. ಆಚಾರ್ಯ ಶಾಂತಿಸಾಗರರ ಭೋಜ, ಆಚಾರ್ಯ ವಿದ್ಯಾಸಾಗರರ ಸದಲಗಾ, ಆಚಾರ್ಯ ವಿದ್ಯಾನಂದರ ಶೇಡಬಾಳ ಎಲ್ಲವೂ ಈ ಸೀಮೆಯವೇ. ಇಲ್ಲಿಯ ಹಳ್ಳಿಗಳಲ್ಲಿ ಜೈನ ಹಾಗೂ ಲಿಂಗಾಯತ ಮನೆಗಳು ನಮ್ಮ ಆಜುಬಾಜಿನವು. ವ್ರತಸ್ಥ ಜೈನರು ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ. ಗಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ರಾತ್ರಿ ಎಂಟು ಗಂಟೆಗೆ ಆರತಕ್ಷತೆಯ ಊಟವಿಟ್ಟು ಅವರನ್ನು ಕರೆಯುವುದೆಂದರೆ ಹಸಿದು ಹೋಗಿರೆಂದು ಕರೆದಂತೆ. ಮಧ್ಯಾಹ್ನದ ಊಟವೇ ಎಲ್ಲರಿಗೂ ಒಗ್ಗುತ್ತದೆ. ಮಾಂಸದ ಅಡುಗೆ ಬೇಕೆನ್ನುವವರು ಕಾರ್ಯಾಲಯದವರನ್ನು ಮೊದಲೇ ಕೇಳಬೇಕು. ಅನೇಕ ಕಡೆಗಳಲ್ಲಿ ಆವರಣದೊಳಗೆ ಮಾಂಸಕ್ಕೂ ಮದ್ಯಕ್ಕೂ ಅವಕಾಶವಿಲ್ಲ. ಅವಕಾಶವಿದ್ದರೂ ಒಲೆ ಬೇರೆ, ಪಾತ್ರೆ ಬೇರೆ, ಬಡಿಸುವವರ ಕೈ ಬೇರೆ ಇರಬೇಕು. ಕೆಂಪು ರಸ್ಸಾ, ಬಿಳಿ ರಸ್ಸಾಗಳ ಆಸೆಯನ್ನು ಮರುದಿನ ಮನೆಯಂಗಳದಲ್ಲಿ ಬೀಗರೊಂದಿಗೆ ತೀರಿಸಿಕೊಂಡರೆ ಯಾರಿಗೂ ನೋವಿಲ್ಲ.

ಆಚಾರಿಯನ್ನು ಗೊತ್ತುಮಾಡುವುದರಲ್ಲಿ ನಮ್ಮಲ್ಲಿ ಎರಡು ರೀತಿಗಳಿವೆ. ಹಳೆಯದು ಯಾದಿಯ ರೀತಿ. ಆಚಾರಿ ಇಷ್ಟು ಜನಕ್ಕೆ ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಎಣ್ಣೆ, ಇಷ್ಟು ಸಕ್ಕರೆ ಎಂದು ಯಾದಿ ಬರೆದುಕೊಡುತ್ತಾನೆ. ಮನೆಯವರು ಕಿರಾಣಿ ಅಂಗಡಿಯಿಂದ ತಂದುಕೊಡುತ್ತಾರೆ. ಅವನದು ಕೂಲಿ ಮಾತ್ರ. ಹೊಸದು ಎಲೆಯ ಲೆಕ್ಕದ ಕೇಟರಿಂಗ್. ಎಲೆಗೆ ಇಷ್ಟೆಂದು ಮಾತಾದರೆ ಮನೆಯವರಿಗೆ ತಲೆನೋವಿಲ್ಲ. ಆದರೆ ಎಲೆ ಎಣಿಸುವವರು ಯಾರು? ಎಲೆಗೆ ಇನ್ನೂರು ರೂಪಾಯಿ ಎಂದಿಟ್ಟುಕೊಳ್ಳೋಣ. ಎಣಿಕೆಯಲ್ಲಿ ಮುನ್ನೂರು ಹೆಚ್ಚಾದರೆ ಅರವತ್ತು ಸಾವಿರ, ಅಂದರೆ ನಮ್ಮ ಗೃಹಸ್ಥರು ಕಳೆದುಕೊಂಡ ಸಂಚಕಾರದ ನಾಲ್ಕು ಪಟ್ಟು. ಎಣಿಕೆಗೆ ಮನೆಯ ಕಡೆಯ ಒಬ್ಬ ನಂಬಿಗಸ್ತ ತರುಣನನ್ನು ನಿಲ್ಲಿಸದ ಮನೆಯಲ್ಲಿ ಮದುವೆಯ ಮರುದಿನ ಜಗಳ ತಪ್ಪಿದ್ದಲ್ಲ. ನನಗೆ ಯಾದಿಯ ರೀತಿಯೇ ಹೆಚ್ಚು ಪ್ರಿಯ. ಉಳಿದ ಸಾಮಾನು ಮನೆಗೇ ಉಳಿಯುತ್ತದೆಂಬುದು ಒಂದು ಕಾರಣ. ತರಕಾರಿ ಹೆಚ್ಚಲು, ಬುಂದಿ ಕಟ್ಟಲು ಓಣಿಯ ಹೆಂಗಸರು ಹಿಂದಿನ ದಿನವೇ ಕೂಡುತ್ತಾರೆಂಬುದು ಎರಡನೆಯದು. ಯಾವ ರೀತಿಯಾದರೂ, ಆ ಆಚಾರಿ ಮಾಡಿದ ಬೇರೊಂದು ಮದುವೆಯ ಊಟವನ್ನು ಉಂಡು ನೋಡಿ, ಅವನು ಕೊನೆಯ ಪಂಕ್ತಿಗೆ ಏನು ಬಡಿಸಿದನೆಂಬುದನ್ನು ಗಮನಿಸಿರಿ. ಮೊದಲ ಪಂಕ್ತಿಯ ಜಿಲೇಬಿ, ಮಠ್ಠಾಗಳನ್ನು ನೋಡಿ ಮರುಳಾಗಬಾರದು.

ಗಲಿಲೇಯದ ಕಾನಾ ಊರಿನ ಮದುವೆಯಲ್ಲಿ ಕಡಿಮೆ ಬಿದ್ದುದೂ ಕೊನೆಯ ಪಂಕ್ತಿಗೇ. ಸಂತ ಯೊವಾನ್ನರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನಾವು ಪವಾಡದ ಕಥೆಯಾಗಿ ಓದುತ್ತೇವೆ. ಮದುವೆ ನಡೆಸಿದವರ ಕಣ್ಣಿನಿಂದ ಒಮ್ಮೆ ಓದಿ ನೋಡಿರಿ. ಔತಣದ ಮೇಲ್ವಿಚಾರಕನಿಗೆ ದ್ರಾಕ್ಷಾರಸ ತೀರಿದ್ದು ಗೊತ್ತಿಲ್ಲ, ವರನಿಗೂ ಗೊತ್ತಿಲ್ಲ. ಗಮನಿಸಿದವರು ಅತಿಥಿಯಾಗಿ ಬಂದ ಮಾತೆ ಮರಿಯಳು, ತಿಳಿದವರು ನೀರು ಹೊತ್ತ ಆಳುಗಳು. ಅಲ್ಲಿದ್ದ ಆರು ಕಲ್ಲಿನ ಬಾನೆಗಳು ಇಂದಿನ ಅಳತೆಯಲ್ಲಿ ಒಂದೊಂದೂ ಸುಮಾರು ಎಂಬತ್ತರಿಂದ ನೂರಿಪ್ಪತ್ತು ಲೀಟರಿನವು. ಎಲ್ಲವನ್ನೂ ಕಂಠದವರೆಗೆ ತುಂಬಬೇಕೆಂದರೆ ಆ ಆಳುಗಳು ಬಾವಿಗೆ ಎಷ್ಟು ಸಲ ಹೋಗಿ ಬಂದರೋ! ನಮ್ಮ ಮದುವೆಗಳಲ್ಲಿ ಪಾತ್ರೆ ತಿಕ್ಕುವ, ಎಂಜಲೆಲೆ ಎತ್ತುವ ಹೆಂಗಸರು ಎಲ್ಲರೂ ಉಂಡೆದ್ದ ಮೇಲೆ ಉಣ್ಣುತ್ತಾರೆ, ಉಳಿದಿದ್ದರೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಅರಿಸ್ಟಾಟಲನ ನೀತಿಶಾಸ್ತ್ರದಲ್ಲಿ ಔದಾರ್ಯದ ವೆಚ್ಚವನ್ನು ಕುರಿತ ಭಾಗವೊಂದನ್ನು ಕಂಡು ಬೆರಗಾಗಿದ್ದೆ. ದೊಡ್ಡ ಮೊತ್ತವನ್ನು ಸಂದರ್ಭಕ್ಕೆ ತಕ್ಕಂತೆ ಖರ್ಚು ಮಾಡುವುದನ್ನು ಅವನು ದೋಷವೆನ್ನುವುದಿಲ್ಲ, ಸದ್ಗುಣವೆನ್ನುತ್ತಾನೆ. ಬದುಕಿನಲ್ಲಿ ಒಮ್ಮೆ ಬರುವ ಮದುವೆಯನ್ನೇ ಅದಕ್ಕೆ ಉದಾಹರಣೆಯಾಗಿ ಕೊಡುತ್ತಾನೆ. ಸಂಘದ ಗೆಳೆಯರ ಸಾಮಾನ್ಯ ಊಟವನ್ನು ಮದುವೆಯ ಔತಣದಂತೆ ಮಾಡುವವನು ಅವನ ದೃಷ್ಟಿಯಲ್ಲಿ ಅಸಭ್ಯ. ಇನ್ನೊಬ್ಬನಿದ್ದಾನೆ: ಅಪಾರ ಹಣ ಸುರಿದು ಕಡೆಯಲ್ಲಿ ಒಂದು ಕ್ಷುಲ್ಲಕ ಬಾಬತ್ತಿನಲ್ಲಿ ಕೈಬಿಗಿಹಿಡಿದು ಇಡೀ ಕಾರ್ಯದ ಅಂದಗೆಡಿಸುವವನು. ಈತನನ್ನು ನಾನು ನಮ್ಮ ಐದೂ ತಾಲೂಕುಗಳಲ್ಲಿ ಭೇಟಿಯಾಗಿದ್ದೇನೆ. ವೇದಿಕೆಯ ಹೂವಿಗೆ ಲಕ್ಷ ರೂಪಾಯಿ ಕೊಟ್ಟು ಪಾತ್ರೆ ತಿಕ್ಕುವವರ ಕೂಲಿಯಲ್ಲಿ ಐವತ್ತು ರೂಪಾಯಿ ಮುರಿಯುವವನು ಈತ. ಮದುವೆಗೆ ಖರ್ಚು ಮಾಡಬೇಡಿ ಎಂದು ನಾನು ಉಪದೇಶಿಸುವುದಿಲ್ಲ. ದುಡಿಯುವ ಜನರಿಗೆ ವರ್ಷಕ್ಕೊಂದು ಹಬ್ಬ, ಜನ್ಮಕ್ಕೊಂದು ಮದುವೆ. ಸಾಲದ ಹಣದಿಂದ ಮಾಡಿದ ವೈಭವ ಮಾತ್ರ ಸಂದರ್ಭಕ್ಕೆ ತಕ್ಕುದಲ್ಲ. ಪೋಪ್ ಫ್ರಾನ್ಸಿಸ್‌ರವರೂ 2016ರ ತಮ್ಮ ಪ್ರೇಷಿತ ಪ್ರಬೋಧನೆಯಲ್ಲಿ, ಪತ್ರಿಕೆ, ಉಡುಪು, ಔತಣಗಳ ಸಿದ್ಧತೆಯಲ್ಲಿ ವಧೂವರರ ಹಣವಷ್ಟೇ ಅಲ್ಲದೆ ಶಕ್ತಿಯೂ ಸಂತೋಷವೂ ಸೋರಿಹೋಗುವುದನ್ನು ಕುರಿತು ಎಚ್ಚರಿಸಿದ್ದರು.

ವಾದ್ಯದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ, ಇಲ್ಲವಾದರೆ ಸಿಟ್ಟು ಬರುತ್ತದೆ. ಬೆಂಜೋ ಇರಲಿ, ಬ್ಯಾಂಡ್ ಇರಲಿ, ಹಲಗೆಯವರಿರಲಿ; ಅವು ಮನುಷ್ಯರು ನುಡಿಸುವ ವಾದ್ಯಗಳು. ಡಾಲ್ಬಿ ಎಂದು ನಮ್ಮವರು ಕರೆಯುವ ಆ ಗೋಡೆಯಂಥ ಧ್ವನಿವರ್ಧಕಗಳ ರಾಶಿ ಮಾತ್ರ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಹಗಲಿನಲ್ಲಿಯೂ ಮಾರ್ಚ್-ಏಪ್ರಿಲ್‌ನಲ್ಲಿ ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿರುತ್ತದೆ. ದೇವಾಲಯದೊಳಗಿನ ಹಾಡಿಗೆ ಹೊರಗಿನಿಂದ ದುಬಾರಿ ಗಾಯಕರನ್ನು ಕರೆತರುವ ರೂಢಿಯೂ ಶುರುವಾಗಿದೆ. ನಮ್ಮ ಗಾನವೃಂದದ ಮಕ್ಕಳು ಒಂದು ಹಾರ್ಮೋನಿಯಂ, ಒಂದು ತಬಲಾ ಇಟ್ಟುಕೊಂಡು ಹಾಡಿದರೆ ಜನರೂ ದನಿಗೂಡಿಸುತ್ತಾರೆ.

ಫೋಟೋದವರಿಗೆ ಒಂದೇ ನಿಯಮ: ಬಲಿಪೀಠದ ಮೆಟ್ಟಿಲು ಹತ್ತಬಾರದು. ಒಪ್ಪಿಗೆಯ ಕ್ಷಣ ಸರಿಯಾಗಿ ಬರಲಿಲ್ಲ, ಮತ್ತೊಮ್ಮೆ ಹೇಳಿರಿ ಎಂದು ವಧೂವರರನ್ನು ಕೇಳಿದ ಒಬ್ಬ ಮಹಾಶಯನನ್ನು ನಾನು ಕಂಡಿದ್ದೇನೆ. ಬಸ್ತಾ ಕಟ್ಟಲು ಇಚಲಕರಂಜಿಗೋ ಕೊಲ್ಲಾಪುರಕ್ಕೋ ಹೋಗುವುದು ನಮ್ಮ ಸೀಮೆಯ ರೂಢಿ, ಅದರಲ್ಲಿ ಹೇಳುವಂಥದೇನಿಲ್ಲ. ಆದರೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೊಲ್ಲಾಪುರಿ ಚಪ್ಪಲಿಯ ಕ್ಷೇತ್ರದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದೆ. ಅಥಣಿಯ ಕುಶಲಕರ್ಮಿಗಳು ಮಾಡಿದ ಜೋಡು ದೂರದೂರದ ಅಂಗಡಿಗಳಲ್ಲಿ ಮೆರೆಯುತ್ತಿರುವಾಗ ಅಥಣಿಯ ವರ ಕಾಲು ಕಚ್ಚುವ ಬೂಟಿಗಾಗಿ ಪುಣೆಗೆ ಹೋಗುವುದು ವಿಚಿತ್ರ.

ಕಾರ್ಯಾಲಯವೇ ಬೇಕೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. 2020ರ ಮೇ ತಿಂಗಳಲ್ಲಿ ಕೊರೋನಾದ ನಿಮಿತ್ತ ಮದುವೆಗೆ ಐವತ್ತು ಜನರ ಮಿತಿ ಬಂದಾಗ ನಾನು ಆಶೀರ್ವದಿಸಿದ ಜೋಡಿಗಳಿಗೆ ಹಂದರವೂ ಇರಲಿಲ್ಲ. ಅವರ ಸಂಸಾರಗಳು ಬೇರೆಯವರ ಸಂಸಾರಗಳಂತೆಯೇ ನಡೆದಿವೆ. ಐವತ್ತೇ ಜನ ಸಾಕೆಂದು ನಾನು ಹೇಳುತ್ತಿಲ್ಲ, ಓಣಿಯನ್ನು ಕರೆಯದ ಮದುವೆ ನಮ್ಮ ಹಳ್ಳಿಗರಿಗೆ ಸಪ್ಪೆಯೇ. ಅಂತೂ ದೇವಾಲಯದ ಆವರಣ, ಶಾಲೆಯ ಅಂಗಳ, ಮನೆಯ ಮುಂದಿನ ಹಂದರ ಇವು ಇನ್ನೂ ಇವೆ.

ಆ ಗೃಹಸ್ಥರ ಮಗಳ ಮದುವೆ ಕಡೆಗೆ ನಡೆದದ್ದು ಅಂಥಲ್ಲಿಯೇ. ಪುಣೆಯವರು ಒಂದು ದಿನ ಹೆಚ್ಚು ರಜೆ ಹಾಕುವುದೆಂದಾಯಿತು, ಪುನರುತ್ಥಾನದ ಮರುದಿನ ಸೋಮವಾರ ನಿಶ್ಚಯವಾಯಿತು. ಕಾರ್ಯಾಲಯ ಅಂದು ಬೇರೆಯವರಿಗೆ ಹೋಗಿತ್ತು, ಸಂಚಕಾರ ಹಿಂದಿರುಗಲಿಲ್ಲ. ಬೀಗರು ಏನೆಂದುಕೊಳ್ಳುವರೋ ಎಂದು ಹುಡುಗಿ ಎರಡು ದಿನ ಅನ್ನ ಬಿಟ್ಟಿದ್ದಳಂತೆ. ಮಿರಜದ ಬೀಗರ ಮನೆಗೆ ಹುಡುಗಿಯ ತಂದೆಯೊಂದಿಗೆ ನಾನೂ ಹೋದೆ. ತಪ್ಪಿನಲ್ಲಿ ನನ್ನ ಪಾಲಿದೆಯೆಂದು ಹೇಳಿದೆ. ಅವರ ಹಿರಿಯರು ನಕ್ಕು, ದೇವರು ಸಮಾಧಿಯಲ್ಲಿದ್ದ ದಿನ ನಾವು ಜಿಲೇಬಿ ತಿಂದಿದ್ದರೆ ಚೆನ್ನಾಗಿರುತ್ತಿರಲಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಅಚ್ಚಾದ ನಾನೂರು ಪತ್ರಿಕೆಗಳಲ್ಲಿ ದಿನಾಂಕವನ್ನೂ ಸ್ಥಳವನ್ನೂ ನಮ್ಮ ಯುವಕ ಸಂಘದ ಮಕ್ಕಳು ಒಂದೇ ಸಂಜೆಯಲ್ಲಿ ಕೈಯಿಂದ ತಿದ್ದಿದರು. ಶಾಲೆಯ ಅಂಗಳದಲ್ಲಿ ಹಂದರ ಹಾಕಿ, ಯಾದಿಯ ರೀತಿಯಲ್ಲಿ ಅಡುಗೆ ಮಾಡಿಸಿದರು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಆ ಹದಿನೈದು ಸಾವಿರವನ್ನು ಮಾತ್ರ ಅವರು ಮುಂದಿನ ಹಂಗಾಮಿನವರೆಗೂ ಬಡ್ಡಿಯೊಡನೆ ತೀರಿಸಿದರು. ಅದನ್ನು ನೆನೆದಾಗ ನನಗೆ ಇಂದಿಗೂ ಸಂಕೋಚವಾಗುತ್ತದೆ.

ಕಳೆದ ಸಲ ಎರಡನೆಯ ಮಗಳ ಮಾತುಕತೆ ಆದ ಮರುದಿನವೇ ಅವರು ಗುರುಮನೆಗೆ ಬಂದರು. ಪತ್ರಿಕೆಯಿರಲಿಲ್ಲ, ಪಾವತಿಯಿರಲಿಲ್ಲ. “ಈ ಸಲ ಮದಲ ನಿಮ್ಮ ಕಡೆನ ಬಂದೀನ್ರಿ ಫಾದರ್” ಎಂದು ಮನೆಯ ಕ್ಯಾಲೆಂಡರನ್ನೇ ಗೋಡೆಯಿಂದ ಬಿಚ್ಚಿ ತಂದಿದ್ದರು. ತಾವು ಮನಸ್ಸಿನಲ್ಲಿಟ್ಟ ದಿನದ ಮೇಲೆ ಬೆರಳಿಟ್ಟು ತೋರಿಸಿದರು. ನೋಡಿದರೆ ಅದು ಬೂದಿ ಬುಧವಾರ. ಇಬ್ಬರೂ ನಕ್ಕೆವು, ಹಿಂದಿನ ವಾರದ ಗುರುವಾರಕ್ಕೆ ಸರಿಸಿದೆವು. ಸಂಚಕಾರದ ಹಣ ಇನ್ನೂ ಅವರ ಕಿಸೆಯಲ್ಲಿಯೇ ಇತ್ತು.